ಸರ್ವರ್ ಇಲ್ಲದೆ ಪದ ಹುಡುಕಿದ್ದು: ನನ್ನ ಅನುಭವ

ಕೊಟ್ಟ ಅಕ್ಷರಗಳಿರುವ ಇಂಗ್ಲಿಷ್ ಪದಗಳನ್ನು ಹುಡುಕಿಕೊಡುವ ನನ್ನ ಟೂಲ್ ಈಗ ಸರ್ವರಿನ ಹಂಗಿಲ್ಲದೆ, ಆರೇಳು ಸಾವಿರ ರೂಪಾಯಿಯ ಹಳೆಯ ಫೋನಿನ ಬ್ರೌಸರಿನೊಳಗೇ ನಡೆಯುತ್ತಿದೆ. ಸುಮಾರು 1,72,000 ಪದಗಳ ಪಟ್ಟಿಯನ್ನು ಪ್ರತಿ ಪ್ರಶ್ನೆಗೂ ಮೊದಲಿನಿಂದ ಕೊನೆಯವರೆಗೆ ಓದಿಬಿಡುವುದೇ ಸರಿಯಾದ ದಾರಿ ಎಂದು ನಾನು ಹೇಳಿದಾಗ ಜೊತೆಗಾರರು ನಕ್ಕಿದ್ದರು. ಪದಗಳನ್ನು ಮೊದಲ ಅಕ್ಷರದಿಂದ ಕವಲೊಡೆಯುವ ಮರದಂತೆ ಜೋಡಿಸುವ ಟ್ರೈ (trie) ಕಟ್ಟು, ಇಲ್ಲವೇ ಅದರ ಸಮಾನ ಕವಲುಗಳನ್ನು ಒಂದುಗೂಡಿಸಿ ಕುಗ್ಗಿಸಿದ ಡಾಗ್ (DAWG) ಕಟ್ಟು ಎಂಬುದು ಅವರ ಸಲಹೆಯಾಗಿತ್ತು. ಆ್ಯಪೆಲ್ ಮತ್ತು ಜೇಕಬ್ಸನ್ 1988ರಲ್ಲಿ ಪ್ರಕಟಿಸಿದ ಡಾಗ್ ಬಳಸುವ ವಿಧಾನವಾಗಲಿ, 1994ರಲ್ಲಿ ಗಾರ್ಡನ್ ತಂದ ಅದರದೇ ಸುಧಾರಿತ ರೂಪ ಗ್ಯಾಡಾಗ್ ಆಗಲಿ, ಸ್ಕ್ರ್ಯಾಬಲ್ ಮಣೆಯ ಮೇಲೆ ಪದ ಕೂರಿಸುವ ಪ್ರೋಗ್ರಾಮಿಗೆ ಹೇಳಿ ಮಾಡಿಸಿದಂಥವು ಎಂಬುದರಲ್ಲಿ ನನಗೆ ತಕರಾರಿಲ್ಲ. ಆದರೆ ಪದದ ಯಾವುದೋ ಮೂಲೆಯಲ್ಲಿ ಜೆಡ್, ಎಕ್ಸ್, ಎ ಮೂರೂ ಇರಬೇಕು ಎಂದು ಕೇಳುವವರಿಗೆ ಅವು ಅಷ್ಟಾಗಿ ಒದಗುವುದಿಲ್ಲ.

ಇಲ್ಲಿರುವುದು ಒಂದಲ್ಲ, ಎರಡು ಪ್ರಶ್ನೆಗಳು. ಸ್ಕ್ರ್ಯಾಬಲ್ ಆಡುವವರಿಗೆ ಕೈಯಲ್ಲಿರುವ ಏಳು ಬಿಲ್ಲೆಗಳಿಂದಲೇ ಆಗುವ ಪದಗಳು ಬೇಕು, ಹೊರಗಿನ ಅಕ್ಷರ ಕೂಡದು. ಪದಬಂಧ ಬಿಡಿಸುವವರಿಗೆ ಕೊಟ್ಟ ಅಕ್ಷರಗಳು ಇದ್ದರೆ ಸಾಕು, ಉಳಿದವು ಏನಾದರೂ ಆಗಬಹುದು. ನ್ಯೂಯಾರ್ಕ್ ಟೈಮ್ಸ್‌ನ ಸ್ಪೆಲ್ಲಿಂಗ್ ಬೀ ಆಡುವವರದು ಎರಡೂ ಬೆರೆತ ಬೇಡಿಕೆ: ಏಳೇ ಅಕ್ಷರಗಳು, ಮರುಬಳಕೆಗೆ ಅಡ್ಡಿಯಿಲ್ಲ, ನಡುವಿನ ಅಕ್ಷರ ಮಾತ್ರ ಕಡ್ಡಾಯ. ಮೂವರನ್ನೂ ಒಂದೇ ಕೋಡ್ ನಿಭಾಯಿಸಬೇಕೆಂಬುದು ನನ್ನ ಹಟವಾಗಿತ್ತು.

ಕೈಕೊಟ್ಟ ವಿಧಾನಗಳ ಪೈಕಿ ಮೊದಲನೆಯದು ಅಕ್ಷರಗಳನ್ನು ಎಲ್ಲ ಬಗೆಯಲ್ಲಿ ಅದಲುಬದಲು ಮಾಡಿ ಪಟ್ಟಿಯಲ್ಲಿ ಹುಡುಕುವುದು. ಎಂಟು ಅಕ್ಷರಕ್ಕೆ 40,320 ಜೋಡಣೆಗಳಾದರೆ ಹದಿನೈದಕ್ಕೆ ಲೆಕ್ಕ ಒಂದು ಲಕ್ಷ ಕೋಟಿಯನ್ನು ದಾಟುತ್ತದೆ. ಅದರ ಗೊಡವೆಯನ್ನು ಬೇಗನೆ ಬಿಟ್ಟೆ. ಆಮೇಲೆ ಬಾಡಿಗೆ ಸರ್ವರಿನಲ್ಲಿ ಡೇಟಾಬೇಸ್ ಇಟ್ಟು, ಒಂದೊಂದು ಅಕ್ಷರಕ್ಕೂ ‘ಈ ಅಕ್ಷರ ಪದದಲ್ಲಿ ಎಲ್ಲಾದರೂ ಇದೆಯೇ’ ಎಂದು ಕೇಳುವ ಒಂದೊಂದು ಲೈಕ್ (LIKE) ಷರತ್ತು ಪೋಣಿಸಿದೆ. ಪದದ ನಡುವೆ ಹುಡುಕುವಾಗ ಸಾಮಾನ್ಯ ಇಂಡೆಕ್ಸ್ ಕೆಲಸಕ್ಕೆ ಬರುವುದಿಲ್ಲವಾದ್ದರಿಂದ ಅದೂ ಪೂರ್ತಿ ಟೇಬಲನ್ನೇ ಓದುತ್ತಿತ್ತು, ಮತ್ತು ಆ ಓದಿಗೆ ನಾನು ದುಡ್ಡು ಕೊಡುತ್ತಿದ್ದೆ. ನೆನಪಿನಂತೆ ತಿಂಗಳಿಗೆ ಎಂಟುನೂರು, ಒಂಬೈನೂರು ರೂಪಾಯಿ. ಶಾಲೆಗಳ ರಜೆಯ ದಿನಗಳಲ್ಲಿ ಬಳಸುವವರು ಹೆಚ್ಚಾದಾಗ ಎರಡು ಸಾವಿರದವರೆಗೂ ಹೋದದ್ದುಂಟು. ಜಾಹೀರಾತಿನಿಂದ ಬಂದದ್ದು ಡೊಮೇನ್ ಹೆಸರಿನ ವಾರ್ಷಿಕ ಖರ್ಚಿಗೂ ಸಾಲಲಿಲ್ಲ.

ಮೂರನೆಯದು ಅಕ್ಷರಕ್ಕೊಂದು ಅವಿಭಾಜ್ಯ ಸಂಖ್ಯೆ ಕೊಟ್ಟು ಗುಣಿಸುವ ಪ್ರಸಿದ್ಧ ಉಪಾಯ: ಪದದ ಗುಣಲಬ್ಧವನ್ನು ಕೇಳಿದ ಅಕ್ಷರಗಳ ಗುಣಲಬ್ಧ ಶೇಷವಿಲ್ಲದೆ ಭಾಗಿಸಿದರೆ ಅವೆಲ್ಲ ಆ ಪದದಲ್ಲಿವೆ. ಕಾಗದದ ಮೇಲೆ ಅದರಷ್ಟು ಅಂದವಾದದ್ದು ಇನ್ನೊಂದಿಲ್ಲ. ಆದರೆ ಇಪ್ಪತ್ತಾರನೆಯ ಅವಿಭಾಜ್ಯ 101. ಬ್ರೌಸರಿನಲ್ಲಿ ನಡೆಯುವ ಪ್ರೋಗ್ರಾಮಿಂಗ್ ಭಾಷೆ ಜಾವಾಸ್ಕ್ರಿಪ್ಟಿನ ಸಾಮಾನ್ಯ ಸಂಖ್ಯೆಗಳು ಎರಡರ 53ನೆಯ ಘಾತದಾಚೆಗೆ ಕರಾರುವಾಕ್ಕಾಗಿ ಉಳಿಯುವುದಿಲ್ಲ. ಹೆಚ್ಚು ಬಳಕೆಯ ಅಕ್ಷರಗಳಿಗೆ ಸಣ್ಣ ಸಂಖ್ಯೆಗಳನ್ನೇ ಕೊಟ್ಟರೂ ಉದ್ದದ ಪದಗಳಲ್ಲಿ ಗುಣಲಬ್ಧ ಆ ಗಡಿ ದಾಟುತ್ತದೆ, ಯಾವ ಎರರ್ ಸಂದೇಶವೂ ಇಲ್ಲದೆ ತಪ್ಪು ಉತ್ತರ ಬರುತ್ತದೆ. ದೊಡ್ಡ ಪೂರ್ಣಾಂಕಗಳ ಬೇರೆ ಬಗೆಯನ್ನು ಬಳಸಿದಾಗ ಉತ್ತರ ಸರಿಹೋಯಿತು, ವೇಗ ಹೋಯಿತು.

ಕೊನೆಗೆ ಗೆದ್ದದ್ದು ಬಿಟ್ ಮಾಸ್ಕ್, ಅಂದರೆ ಅಕ್ಷರಕ್ಕೊಂದು ಬಿಟ್ ಮೀಸಲಿಟ್ಟು, ಅದು ಪದದಲ್ಲಿದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ ಎಂದು ಬರೆದಿಟ್ಟ ಸಂಖ್ಯೆ. ಇಪ್ಪತ್ತಾರು ಅಕ್ಷರಗಳು ಮೂವತ್ತೆರಡು ಬಿಟ್‌ಗಳ ಒಂದು ಸಂಖ್ಯೆಯೊಳಗೆ ಆರಾಮವಾಗಿ ಕೂರುತ್ತವೆ, ಹೀಗಾಗಿ ಪ್ರತಿ ಪದಕ್ಕೂ ಒಂದು ಸಂಖ್ಯೆಯನ್ನು ಮೊದಲೇ ಲೆಕ್ಕ ಹಾಕಿ ಸಾಲಾಗಿ ಇಟ್ಟುಕೊಂಡರೆ ಆಯಿತು. ಪ್ರಶ್ನೆಯ ಮಾಸ್ಕಿನೊಡನೆ ಒಂದು ಆ್ಯಂಡ್ (ಎರಡರಲ್ಲೂ ಇರುವ ಬಿಟ್‌ಗಳನ್ನಷ್ಟೇ ಉಳಿಸುವ ಲೆಕ್ಕ) ಮಾಡಿದರೆ ಎರಡೂ ಬಗೆಯ ಪ್ರಶ್ನೆಗೆ ಉತ್ತರ ಸಿಗುತ್ತದೆ: ಬಂದದ್ದು ಪದದ ಮಾಸ್ಕಿಗೆ ಸಮನಾದರೆ ಹೊರಗಿನ ಅಕ್ಷರವಿಲ್ಲ, ಪ್ರಶ್ನೆಯ ಮಾಸ್ಕಿಗೆ ಸಮನಾದರೆ ಕೇಳಿದ್ದೆಲ್ಲ ಪದದಲ್ಲಿದೆ. ಯಾವ ಅಕ್ಷರವಾಗಿಯಾದರೂ ಬಳಸಬಹುದಾದ ಖಾಲಿ ಬಿಲ್ಲೆಗಳಿದ್ದಾಗ, ಪದದಲ್ಲಿದ್ದು ಕೈಯಲ್ಲಿಲ್ಲದ ಬಿಟ್‌ಗಳು ಎಷ್ಟೆಂದು ಎಣಿಸಿ, ಖಾಲಿ ಬಿಲ್ಲೆಗಳಿಗಿಂತ ಹೆಚ್ಚಿದ್ದರೆ ಆ ಪದವನ್ನು ಕೈಬಿಡುತ್ತೇನೆ. ಒಂದು ಪದದಲ್ಲಿ ಎರಡು ಟಿ ಇವೆಯೋ ಒಂದೋ ಎಂಬುದು ಮಾಸ್ಕಿಗೆ ತಿಳಿಯದು ನಿಜ. ಅದಕ್ಕಾಗಿ ಜರಡಿಯಲ್ಲಿ ಉಳಿದ ಕೆಲವು ನೂರು ಪದಗಳನ್ನಷ್ಟೇ ಅಕ್ಷರ ಅಕ್ಷರವಾಗಿ ಎಣಿಸಿದರೆ ಸಾಕು. ಹಳೆಯ ಫೋನಿನಲ್ಲಿಯೂ ಇಷ್ಟೆಲ್ಲಕ್ಕೆ ಕೆಲವೇ ಮಿಲಿಸೆಕೆಂಡ್ ಸಾಕಾಗುತ್ತದೆ, ನಕ್ಕವರ ಟ್ರೈ ಮೆಮೊರಿಗೆ ಏರುವುದರೊಳಗೆ ನನ್ನ ಉತ್ತರ ಪರದೆಯ ಮೇಲಿತ್ತು.

ಪಟ್ಟಿಯ ವಿಷಯದಲ್ಲಿ ಎಚ್ಚರ ಬೇಕು. ಸ್ಕ್ರ್ಯಾಬಲ್ ಟೂರ್ನಿಗಳ ಕಾಲಿನ್ಸ್ ಪದಪಟ್ಟಿಗೆ ಕಾಪಿರೈಟ್ ಇದೆ, ಆದ್ದರಿಂದ ಯಾರು ಬೇಕಾದರೂ ಬಳಸಬಹುದಾದ ಎನೇಬಲ್ (ENABLE) ಪಟ್ಟಿಯನ್ನು ಹಿಡಿದೆ. ಅದು ಹಳೆಯದಾದ್ದರಿಂದ ಸ್ಕ್ರ್ಯಾಬಲ್ ಮಂದಿಯ ಪ್ರಾಣವಾದ ಚೀ (qi), ಜಾ (za) ಎಂಬ ಎರಡಕ್ಷರದ ಪದಗಳು ಅದರಲ್ಲಿಲ್ಲ. ಅವನ್ನು ಕೈಯಾರೆ ಸೇರಿಸಿದೆ. ಮೂಲ ಫೈಲ್ ಸುಮಾರು ಒಂದೂಮುಕ್ಕಾಲು ಎಂಬಿ. ಹಿಂದಿನ ಪದದೊಂದಿಗೆ ಸಮಾನವಾಗಿರುವ ಆರಂಭದ ಅಕ್ಷರಗಳನ್ನು ಬಿಟ್ಟು ಬಾಲವನ್ನಷ್ಟೇ ಬರೆದು, ಜಿಜಿಪ್ (gzip) ಎಂಬ ವಿಧಾನದಿಂದ ಕುಗ್ಗಿಸಿದ ಮೇಲೆ ಅರ್ಧ ಎಂಬಿಗಿಂತ ಕೆಳಗಿಳಿಯಿತು. ಅದಕ್ಕಿಂತಲೂ ಕುಗ್ಗಿಸಿದ ಬಗೆಯನ್ನೂ, ಜನರಿಗೆ ಪರಿಚಿತವಾದ ಪದಗಳು ಮೇಲೆ ಬರುವಂತೆ ಉತ್ತರಗಳನ್ನು ಜೋಡಿಸುವ ಲೆಕ್ಕವನ್ನೂ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಈಗ ಖರ್ಚೆಂದರೆ ಡೊಮೇನ್ ಹೆಸರಿನದು ಮಾತ್ರ, ವರ್ಷಕ್ಕೆ ಸಾವಿರದೊಳಗೆ.

ಮಾಸ್ಕ್ ಕೈಗೆ ಬಂದ ಮೇಲೆ ಆಟಗಳೂ ಹುಟ್ಟಿಕೊಂಡವು. ಪಾಶ್ಚಾತ್ಯ ಸಂಗೀತದ ಸ್ವರಗಳಾದ ಎ ಇಂದ ಜಿ ವರೆಗಿನ ಅಕ್ಷರಗಳಲ್ಲೇ ಮುಗಿಯುವ ಪದಗಳನ್ನು ಕೇಳಿದರೆ ಕ್ಯಾಬೇಜ್, ಬ್ಯಾಗೇಜ್ ಬಂದವು. ಕೀಬೋರ್ಡಿನ ಮೇಲಿನ ಸಾಲಿಗೆ ಟೈಪ್‌ರೈಟರ್ ಸಿಕ್ಕಿತು. ಅಕ್ಷರಗಳನ್ನು ಅಕಾರಾದಿಯಾಗಿ ಜೋಡಿಸಿ ಗುಂಪು ಮಾಡಿದಾಗ ಸ್ಟೇಲ್ (stale), ಸ್ಟೀಲ್ (steal), ಲೀಸ್ಟ್ (least), ಸ್ಲೇಟ್ (slate), ಟೇಲ್ಸ್ (tales) ಒಂದೇ ಮನೆಗೆ ಬಂದು ಕೂತವು, ಕನ್ನಡದಲ್ಲಿ ಬರೆದರೆ ಅಷ್ಟಾಗಿ ನಂಟು ಕಾಣದಿದ್ದರೂ. ಇದನ್ನೇ ಕನ್ನಡ ಪದಗಳಿಗೆ ಹಚ್ಚಲು ಹೋದಾಗ ಯೂನಿಕೋಡ್ ಅಡ್ಡ ಬಂತು: ಕ್ಷ ಎಂಬ ಒಂದು ರೂಪದ ಹಿಂದೆ ಕ, ಹಲಂತ, ಷ ಎಂಬ ಮೂರು ಸಂಕೇತಗಳಿರುವುದರಿಂದ ಪದವನ್ನು ಎಲ್ಲಿ ಕತ್ತರಿಸಬೇಕೆಂಬುದೇ ಮೊದಲ ಪ್ರಶ್ನೆಯಾಗುತ್ತದೆ. ಸ್ವರ, ವ್ಯಂಜನಗಳನ್ನು ಬಿಡಿಸಿ ಎಣಿಸಿದರೆ ವರ್ಣಮಾಲೆಯ ನಲವತ್ತೊಂಬತ್ತೂ ಅಕ್ಷರಗಳು ಮೂವತ್ತೆರಡು ಬಿಟ್‌ಗಳ ಎರಡು ಸಂಖ್ಯೆಗಳಲ್ಲಿ ಹಿಡಿಯುತ್ತವೆ, ಅಷ್ಟರಮಟ್ಟಿಗೆ ಕೋಡ್ ಸಿದ್ಧವಾಗಿದೆ. ವಿಭಕ್ತಿ ಪ್ರತ್ಯಯಗಳನ್ನು ಕಳಚಿದ ಶುದ್ಧ ಪದಪಟ್ಟಿ ಮಾತ್ರ ಇನ್ನೂ ಆಗಬೇಕಿದೆ.