ಉದ್ಯೋಗ ಬಿಡದೆ ಸಮಾಜಕಾರ್ಯ ಪದವಿ: ಲೆಕ್ಕ ಕ್ಷೇತ್ರಕಾರ್ಯದಿಂದ ಶುರುವಾಗಲಿ

ಹುಬ್ಬಳ್ಳಿ–ಧಾರವಾಡ, ಗದಗ, ಹಾವೇರಿ ಭಾಗದಲ್ಲಿ ಮೂವತ್ತು ದಾಟಿದ ಮೇಲೆ ಸಮಾಜಕಾರ್ಯದ ಪದವಿಯಾದ ಬಿಎಸ್‌ಡಬ್ಲ್ಯೂ ಅಥವಾ ಸ್ನಾತಕೋತ್ತರ ಪದವಿಯಾದ ಎಂಎಸ್‌ಡಬ್ಲ್ಯೂ ಓದಲು ಮನಸ್ಸು ಮಾಡುವವರಲ್ಲಿ ಅನೇಕರು ಈಗಾಗಲೇ ಈ ಕೆಲಸದ ಆಸುಪಾಸಿನಲ್ಲಿ ಇರುವವರೇ. ಆಶಾ ಕಾರ್ಯಕರ್ತೆಯರು, ಅಂಗನವಾಡಿ ಕಾರ್ಯಕರ್ತೆಯರು, ವಸತಿನಿಲಯದ ಮೇಲ್ವಿಚಾರಕರು, ಸ್ವಸಹಾಯ ಸಂಘಗಳನ್ನು ನಡೆಸುವವರು, ವೃದ್ಧಾಶ್ರಮಗಳಲ್ಲಿ ದುಡಿಯುವವರು ಪದವಿ ಇಲ್ಲದ ಕಾರಣಕ್ಕೆ ಇದ್ದ ಜಾಗದಲ್ಲೇ ಉಳಿದಿರುತ್ತಾರೆ. ಓದಲು ಹೊರಟಾಗ ಇವರು ಮೊದಲು ವಿಚಾರಿಸುವುದು ಶುಲ್ಕವನ್ನು, ಆಮೇಲೆ ಪರೀಕ್ಷೆಯನ್ನು. ಈ ಪದವಿಯನ್ನು ನಡುದಾರಿಯಲ್ಲಿ ನಿಲ್ಲಿಸುವುದು ಮಾತ್ರ ಹೆಚ್ಚಾಗಿ ಇವೆರಡೂ ಅಲ್ಲ, ಕ್ಷೇತ್ರಕಾರ್ಯ. ಪರೀಕ್ಷೆಯನ್ನು ನಾಲ್ಕು ದಿನ ರಜೆ ಹಾಕಿ ಬರೆದು ಬರಬಹುದು. ಕ್ಷೇತ್ರಕಾರ್ಯಕ್ಕೆ ಒಂದು ಸಂಸ್ಥೆಗೆ ವಾರವಾರವೂ ಹೋಗಬೇಕು, ಹೋದದ್ದನ್ನು ಬರೆಯಬೇಕು, ಬರೆದದ್ದನ್ನು ಮೇಲ್ವಿಚಾರಕರಿಗೆ ತೋರಿಸಬೇಕು. ಆದ್ದರಿಂದ ಕೋರ್ಸಿನ ಆಯ್ಕೆಯಿಂದ ಹಿಡಿದು ಮನೆಯ ವೇಳಾಪಟ್ಟಿಯವರೆಗೆ ಎಲ್ಲವನ್ನೂ ಕ್ಷೇತ್ರಕಾರ್ಯವನ್ನು ಮುಂದಿಟ್ಟುಕೊಂಡೇ ನಿರ್ಧರಿಸುವುದು ಒಳಿತು.

ಮೊದಲ ಹೆಜ್ಜೆ: ಯಾವ ಪದವಿ, ಯಾವ ವಿಶ್ವವಿದ್ಯಾಲಯ

ಪಿಯುಸಿ ಮುಗಿಸಿದವರಿಗೆ ಮೂರು ವರ್ಷದ ಬಿಎಸ್‌ಡಬ್ಲ್ಯೂ ಇದೆ. ಯಾವುದೇ ವಿಷಯದಲ್ಲಿ ಪದವಿ ಪಡೆದವರು ಎರಡು ವರ್ಷದ ಎಂಎಸ್‌ಡಬ್ಲ್ಯೂ ಸೇರಬಹುದು. ಅದಕ್ಕೆ ಬಿಎಸ್‌ಡಬ್ಲ್ಯೂ ಆಗಿರಲೇಬೇಕೆಂಬ ಕಡ್ಡಾಯ ಸಾಮಾನ್ಯವಾಗಿ ಇರುವುದಿಲ್ಲ. ಹತ್ತು ಹದಿನೈದು ವರ್ಷಗಳ ಹಿಂದೆ ಬಿಎ ಅಥವಾ ಬಿಕಾಂ ಮಾಡಿಕೊಂಡು ಸುಮ್ಮನಿದ್ದವರು ಇದನ್ನು ತಿಳಿಯದೆ ಮತ್ತೆ ಮೊದಲಿನಿಂದ ಪದವಿಗೆ ಸೇರುವುದುಂಟು; ಅದರ ಅಗತ್ಯವಿಲ್ಲ. ಪಿಯುಸಿ ಅರ್ಧಕ್ಕೆ ಬಿಟ್ಟವರು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಹನ್ನೆರಡನೆಯ ತರಗತಿ ಪೂರೈಸಿಕೊಂಡು ಬರಬಹುದು.

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿಯೂ 2016ರಲ್ಲಿ ಆರಂಭವಾದ, ಗದಗ ಸಮೀಪದ ನಾಗಾವಿಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದಲ್ಲಿಯೂ ಎಂಎಸ್‌ಡಬ್ಲ್ಯೂ ಇದೆ. ಆದರೆ ಇವು ಹಗಲು ಹೊತ್ತಿನ ಪೂರ್ಣಾವಧಿ ತರಗತಿಗಳು. ಸಂಬಳ ಬಿಡಲಾಗದವರಿಗೆ ಉಳಿಯುವುದು ದೂರಶಿಕ್ಷಣ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ಅಂದರೆ ಇಗ್ನೋ, ಬಹು ಕಾಲದಿಂದ ಈ ಎರಡೂ ಪದವಿಗಳನ್ನು ನಡೆಸಿಕೊಂಡು ಬಂದಿದೆ; ಅಲ್ಲಿನ ಎಂಎಸ್‌ಡಬ್ಲ್ಯೂ ಮಾಧ್ಯಮ ಇಂಗ್ಲಿಷ್ ಮತ್ತು ಹಿಂದಿ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯಕ್ಕೆ ಧಾರವಾಡದಲ್ಲಿ ಪ್ರಾದೇಶಿಕ ಕೇಂದ್ರವಿದೆ. ಈ ಸಾಲಿನಲ್ಲಿ ಯಾವ ಕೋರ್ಸಿಗೆ, ಯಾವ ಮಾಧ್ಯಮದಲ್ಲಿ ಪ್ರವೇಶವಿದೆ, ಕ್ಷೇತ್ರಕಾರ್ಯವನ್ನು ಯಾವ ಊರಿನಲ್ಲಿ ಮಾಡಬಹುದು ಎಂಬ ಪ್ರಶ್ನೆಗಳನ್ನು ಅಲ್ಲಿಗೇ ಹೋಗಿ ಕೇಳುವುದು ಲೇಸು.

ಹಣ ಕಟ್ಟುವ ಮುನ್ನ ಒಂದು ಪರಿಶೀಲನೆ ತಪ್ಪಬಾರದು. ವಿಶ್ವವಿದ್ಯಾಲಯ ಧನಸಹಾಯ ಆಯೋಗದ, ಅಂದರೆ ಯುಜಿಸಿಯ, ದೂರಶಿಕ್ಷಣ ಬ್ಯೂರೊ ತನ್ನ ಜಾಲತಾಣದಲ್ಲಿ ಯಾವ ವಿಶ್ವವಿದ್ಯಾಲಯದ ಯಾವ ಕೋರ್ಸಿಗೆ ಯಾವ ಸಾಲಿನಲ್ಲಿ ಮಾನ್ಯತೆ ಇದೆ ಎಂಬ ಪಟ್ಟಿ ಹಾಕುತ್ತದೆ. ವಿಶ್ವವಿದ್ಯಾಲಯದ ಹೆಸರು ಅಲ್ಲಿದ್ದರೆ ಸಾಲದು. ನೀವು ಸೇರುವ ಕೋರ್ಸು, ಸೇರುವ ಸಾಲು ಎರಡೂ ಇರಬೇಕು. ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಮಾನ್ಯತೆ 2013–14ರಿಂದ ತಪ್ಪಿ 2018–19ಕ್ಕೆ ಮರಳಿದ್ದು ಕರ್ನಾಟಕದ ವಿದ್ಯಾರ್ಥಿಗಳಿಗೆ ಚೆನ್ನಾಗಿ ನೆನಪಿರುವ ಸಂಗತಿ. ಮಾನ್ಯತೆ ಇದ್ದರೆ, ಯುಜಿಸಿಯ 2020ರ ನಿಯಮಾವಳಿಯ ಪ್ರಕಾರ, ದೂರಶಿಕ್ಷಣದ ಪದವಿಯು ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮಾನ.

ಆಸ್ಪತ್ರೆಯ ಕೆಲಸವನ್ನು ಗುರಿಯಾಗಿಟ್ಟುಕೊಂಡವರು ಇನ್ನೂ ಒಂದು ವಿಷಯ ಗಮನಿಸಬೇಕು. ಕಿಮ್ಸ್ ಎಂದೇ ಹೆಸರಾದ ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆ ಅಥವಾ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಂತಹ ಕಡೆ ವೈದ್ಯಕೀಯ ಇಲ್ಲವೆ ಮನೋವೈದ್ಯಕೀಯ ಸಮಾಜಕಾರ್ಯಕರ್ತರಾಗಬೇಕೆಂದು ಬಯಸುವವರ ವೃತ್ತಿಯು 2021ರ ಸಹಾಯಕ ಮತ್ತು ಆರೋಗ್ಯ ಸೇವಾ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಆ ಕಾಯ್ದೆಯಡಿ ಬರುವ ಕೋರ್ಸುಗಳನ್ನು ದೂರಶಿಕ್ಷಣದಲ್ಲಿ ನಡೆಸಬಾರದೆಂದು ಯುಜಿಸಿ 2025ರಲ್ಲಿ ಸೂಚಿಸಿದೆ. ಸಮುದಾಯ ಅಭಿವೃದ್ಧಿ, ಮಕ್ಕಳ ರಕ್ಷಣೆ, ಹಿರಿಯ ನಾಗರಿಕರ ಸೇವೆ ಇವುಗಳತ್ತ ಒಲವಿದ್ದರೆ ದೂರಶಿಕ್ಷಣ ಸಾಕು. ಆಸ್ಪತ್ರೆಯ ಹುದ್ದೆಯೇ ಬೇಕೆಂದಾದರೆ ಪೂರ್ಣಾವಧಿ ಕೋರ್ಸಿನ ದಾರಿ ಹಿಡಿಯುವುದೇ ನೇರವಾದದ್ದು ಎಂಬುದು ನನ್ನ ಅಭಿಪ್ರಾಯ.

ಎರಡನೆಯ ಹೆಜ್ಜೆ: ಕಾಗದಪತ್ರ

ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಪದವಿ ಪ್ರಮಾಣಪತ್ರ ಈ ಮೂರರಲ್ಲಿ ಹೆಸರು ಅಕ್ಷರಶಃ ಒಂದೇ ಆಗಿರಲಿ. ಮದುವೆಯ ನಂತರ ಅಡ್ಡಹೆಸರು ಬದಲಾದ ಹೆಣ್ಣುಮಕ್ಕಳು ಇಲ್ಲಿಯೇ ಹೆಚ್ಚು ದಿನ ಕಳೆದುಕೊಳ್ಳುತ್ತಾರೆ; ಪ್ರವೇಶ ಪ್ರಕಟಣೆ ಬರುವ ಮೊದಲೇ ಆಧಾರ್ ತಿದ್ದುಪಡಿ ಅಥವಾ ಪ್ರಮಾಣಪತ್ರದ ಕೆಲಸ ಮುಗಿಸಿಕೊಳ್ಳಬೇಕು. ಡಿಜಿಲಾಕರ್ ಮೂಲಕ ಎಬಿಸಿ (ವಿದ್ಯಾರ್ಥಿ ಗಳಿಸಿದ ಕ್ರೆಡಿಟ್‌ಗಳ ಖಾತೆಯಾದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್) ಗುರುತಿನ ಸಂಖ್ಯೆ, ಅದರ ಆಧಾರದ ಮೇಲೆ ದೂರಶಿಕ್ಷಣ ಬ್ಯೂರೊದ ಡೆಬ್ ಐಡಿ ದೂರಶಿಕ್ಷಣದ ಪ್ರವೇಶಕ್ಕೆ ಈಗ ಕಡ್ಡಾಯ. ಸರ್ಕಾರಿ ನೌಕರರು ಇಲಾಖೆಯಿಂದ ಓದಿಗೆ ಲಿಖಿತ ಅನುಮತಿ ಪಡೆದು ಪ್ರತಿಯನ್ನು ಇಟ್ಟುಕೊಳ್ಳಬೇಕು.

ಮೂರನೆಯ ಹೆಜ್ಜೆ: ವಾರದ ಗಂಟೆಗಳ ಲೆಕ್ಕ

ಇಗ್ನೋದಲ್ಲಿ ಒಂದು ಕ್ರೆಡಿಟ್ ಎಂದರೆ 30 ಗಂಟೆಗಳ ಅಧ್ಯಯನ. ವರ್ಷಕ್ಕೆ 32 ಕ್ರೆಡಿಟ್ ಎಂದಿಟ್ಟುಕೊಂಡರೆ 960 ಗಂಟೆ. 52 ವಾರಗಳಿಗೆ ಹಂಚಿದರೆ ವಾರಕ್ಕೆ ಹದಿನೆಂಟೂವರೆ ಗಂಟೆ. ದಿನಪೂರ್ತಿ ದುಡಿದು, ಮನೆಯ ಅಡುಗೆ, ಮಕ್ಕಳ ಓದು ನೋಡಿಕೊಳ್ಳುವವರಿಗೆ ಇಷ್ಟು ಸಮಯ ಸಿಗುವುದು ಕಷ್ಟ. ಅದೇ ಕಾರಣಕ್ಕೆ ವಿಶ್ವವಿದ್ಯಾಲಯವೂ ಗರಿಷ್ಠ ಅವಧಿ ಕೊಟ್ಟಿರುತ್ತದೆ: ಇಗ್ನೋ ಎಂಎಸ್‌ಡಬ್ಲ್ಯೂವನ್ನು ಕನಿಷ್ಠ ಎರಡು, ಗರಿಷ್ಠ ನಾಲ್ಕು ವರ್ಷಗಳಲ್ಲಿ ಮುಗಿಸಬಹುದು, ಬಿಎಸ್‌ಡಬ್ಲ್ಯೂಗೆ ಮೂರರಿಂದ ಆರು ವರ್ಷ. ಹೆಚ್ಚಿನ ವರ್ಷ ತೆಗೆದುಕೊಳ್ಳುವುದನ್ನು ಸೋಲೆಂದು ತಿಳಿಯುವವರು ಎರಡೇ ವರ್ಷದಲ್ಲಿ ಮುಗಿಸುವ ಹಟ ಹಿಡಿದು, ಎರಡನೆಯ ವರ್ಷದ ನಡುವೆ ಕೈಬಿಡುತ್ತಾರೆ. ಮೊದಲ ದಿನವೇ ಮೂರು ವರ್ಷದ ಯೋಜನೆ ಹಾಕಿಕೊಂಡವರು ನೆಮ್ಮದಿಯಿಂದ ಮುಗಿಸುತ್ತಾರೆ.

ಒಕ್ಕಲುತನದ ಮನೆಯವರಿಗೆ ಪಂಚಾಂಗವೂ ಲೆಕ್ಕಕ್ಕೆ ಬರುತ್ತದೆ. ಇಗ್ನೋದ ಪರೀಕ್ಷೆಗಳು ಜೂನ್ ಮತ್ತು ಡಿಸೆಂಬರ್‌ನಲ್ಲಿ. ಜೂನ್ ಎಂದರೆ ಮುಂಗಾರು ಬಿತ್ತನೆಯ ತಿಂಗಳು. ಹಾವೇರಿ ಭಾಗದಲ್ಲಿ ಗೋವಿನಜೋಳ ಬಿತ್ತುವ ಹೊತ್ತಿನಲ್ಲಿ ಮನೆಯಲ್ಲಿ ಪುಸ್ತಕ ಹಿಡಿದು ಕುಳಿತವರನ್ನು ನೋಡುವ ನೋಟವೇ ಬೇರೆ. ಡಿಸೆಂಬರ್‌ನಲ್ಲಿ ಹತ್ತಿ ಬಿಡಿಸುವುದು ನಡೆದಿರುತ್ತದೆ. ಎರಡರಲ್ಲಿ ಯಾವುದು ತಮ್ಮ ಹೊಲಕ್ಕೆ ಹಗುರವೋ ಆ ತಿಂಗಳಿಗೆ ಹೆಚ್ಚು ಪತ್ರಿಕೆಗಳನ್ನು, ಇನ್ನೊಂದಕ್ಕೆ ಕಡಿಮೆ ಪತ್ರಿಕೆಗಳನ್ನು ಇಟ್ಟುಕೊಳ್ಳಬಹುದು.

ನಾಲ್ಕನೆಯ ಹೆಜ್ಜೆ: ಕ್ಷೇತ್ರಕಾರ್ಯದ ಸಂಸ್ಥೆಯನ್ನು ಹುಡುಕುವುದು

ಇಲ್ಲಿನ ತೊಡಕು ಸರಳವಾದದ್ದು. ಜಿಲ್ಲಾ ಮಕ್ಕಳ ರಕ್ಷಣಾ ಘಟಕ, ದೌರ್ಜನ್ಯಕ್ಕೊಳಗಾದ ಮಹಿಳೆಯರಿಗೆ ನೆರವಾಗುವ ಸಖಿ ಒನ್ ಸ್ಟಾಪ್ ಕೇಂದ್ರದ ಕಚೇರಿ ಕೆಲಸ, ಆಸ್ಪತ್ರೆಯ ಹೊರರೋಗಿ ವಿಭಾಗ ಇವೆಲ್ಲ ನಡೆಯುವುದು ನೀವು ನಿಮ್ಮ ಕೆಲಸದಲ್ಲಿರುವ ಹೊತ್ತಿನಲ್ಲೇ. ಹಾಗಾಗಿ ಸಂಜೆ ಮತ್ತು ಭಾನುವಾರ ಜೀವಂತವಾಗಿರುವ ಜಾಗಗಳನ್ನು ಹುಡುಕಬೇಕು: ವೃದ್ಧಾಶ್ರಮಗಳು, ಬಾಲಮಂದಿರಗಳು, ವಿದ್ಯಾರ್ಥಿನಿಲಯಗಳು, ನಗರದ ನಿರ್ವಸತಿಗರ ರಾತ್ರಿ ಆಶ್ರಯ ತಾಣಗಳು, ಸಂಜೆ ಸಭೆ ಸೇರುವ ಸ್ವಸಹಾಯ ಸಂಘಗಳು, ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಾದ ಅರಿವು ಕೇಂದ್ರಗಳು. ಗದಗಿನವರಿಗೆ ದೂರ ಹೋಗುವ ಅಗತ್ಯವೇ ಇಲ್ಲ. 1914ರಷ್ಟು ಹಿಂದೆ ಹಾನಗಲ್ಲ ಕುಮಾರಸ್ವಾಮಿಗಳಿಂದ ಬೇರೂರಿ, ಪಂಚಾಕ್ಷರಿ ಗವಾಯಿಗಳು ಮತ್ತು ಪುಟ್ಟರಾಜ ಗವಾಯಿಗಳ ಕೈಯಲ್ಲಿ ಬೆಳೆದ ವೀರೇಶ್ವರ ಪುಣ್ಯಾಶ್ರಮವು ಅಂಧ ಮತ್ತು ಅನಾಥ ಮಕ್ಕಳಿಗೆ ಅನ್ನ, ವಸತಿ, ಸಂಗೀತ ಕೊಟ್ಟು ಬೆಳೆಸಿದ ಜಾಗ. ದೇಶದ ಮೊದಲ ಸಮಾಜಕಾರ್ಯ ಶಾಲೆ ಮುಂಬೈಯಲ್ಲಿ ಆರಂಭವಾದದ್ದು 1936ರಲ್ಲಿ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ, ನಮ್ಮ ಕಡೆಯ ಮಠ, ಆಶ್ರಮಗಳು ಈ ಕೆಲಸವನ್ನು ಪಠ್ಯ ಬರುವ ಮುನ್ನವೇ ಮಾಡುತ್ತಿದ್ದವು. ಅಂತಹ ಕಡೆ ದಾಸೋಹ ಹೇಗೆ ನಡೆಯುತ್ತದೆ, ಹಳೆಯ ವಿದ್ಯಾರ್ಥಿಗಳ ನಂಟು ಹೇಗೆ ಉಳಿಯುತ್ತದೆ ಎಂದು ಗಮನಿಸಿ ಬರೆದ ವರದಿಗೆ ಪಠ್ಯದಿಂದ ನಕಲು ಮಾಡಿದ ವರದಿಗಿಂತ ಹೆಚ್ಚು ಬೆಲೆ.

ಸಂಸ್ಥೆಗೆ ಹೋಗುವಾಗ ವಿಶ್ವವಿದ್ಯಾಲಯದ ಅಧ್ಯಯನ ಕೇಂದ್ರದ ಪರಿಚಯ ಪತ್ರ ಜೊತೆಗಿರಲಿ. ಬಾಲಮಂದಿರಗಳಿಗೆ ಇಲಾಖೆಯ ಲಿಖಿತ ಅನುಮತಿ ಬೇಕಾಗುತ್ತದೆ, ಅದಕ್ಕೆ ಸಮಯವೂ ಹಿಡಿಯುತ್ತದೆ. ಈಗ ದುಡಿಯುತ್ತಿರುವ ಸಂಸ್ಥೆಯನ್ನೇ ಕ್ಷೇತ್ರಕಾರ್ಯಕ್ಕೆ ಒಪ್ಪುತ್ತಾರೆಯೇ ಎಂದು ಅನೇಕರು ಕೇಳುತ್ತಾರೆ. ಕೇಂದ್ರದ ಸಂಯೋಜಕರಿಂದ ಇದಕ್ಕೆ ಲಿಖಿತ ಉತ್ತರ ಪಡೆಯಿರಿ; ಬಾಯಿಮಾತಿನ ಒಪ್ಪಿಗೆ ವರ್ಷದ ಕೊನೆಯಲ್ಲಿ ನಿಲ್ಲುವುದಿಲ್ಲ. ಒಪ್ಪಿದರೂ ಬೇರೆ ಸಂಸ್ಥೆಯನ್ನೇ ಆರಿಸಿಕೊಳ್ಳುವುದು ನನಗೆ ಸರಿ ಕಾಣುತ್ತದೆ, ಏಕೆಂದರೆ ತನ್ನದೇ ಕಚೇರಿಯಲ್ಲಿ ಮನುಷ್ಯ ನೌಕರನಾಗಿಯೇ ಉಳಿಯುತ್ತಾನೆ. ಪ್ರಶ್ನೆ ಕೇಳುವ ವಿದ್ಯಾರ್ಥಿಯಾಗಲು ಅಲ್ಲಿ ಜಾಗವಿರುವುದಿಲ್ಲ.

ಓಡಾಟದ ವೆಚ್ಚದ ಮಟ್ಟಿಗೆ, 2023ರ ಜೂನ್‌ನಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸುಗಳಲ್ಲಿ ಹಣ ಉಳಿಯುತ್ತದೆ. ಸಮಯ ಉಳಿಯುವುದಿಲ್ಲ. ಗದಗಿನಿಂದ ಹುಬ್ಬಳ್ಳಿಗೆ ಸುಮಾರು 60 ಕಿಲೋಮೀಟರ್, ಹಾವೇರಿಯಿಂದ ಅದಕ್ಕಿಂತ ದೂರ. ಹೆಸರಾಂತ ಸಂಸ್ಥೆಗೆಂದು ವಾರವಾರ ಹುಬ್ಬಳ್ಳಿಗೆ ಓಡುವುದಕ್ಕಿಂತ ಊರಿನಲ್ಲೇ ಇರುವ ಸಣ್ಣ ಸಂಸ್ಥೆ ವರ್ಷವಿಡೀ ಹೋಗಿಬರಲು ಅನುಕೂಲ.

ಐದನೆಯ ಹೆಜ್ಜೆ: ವರದಿ ಬರೆಯುವುದು

ವಯಸ್ಕ ವಿದ್ಯಾರ್ಥಿಗಳ ಅನುಭವ ಇಲ್ಲಿ ಬಲವೂ ಹೌದು, ತೊಡಕೂ ಹೌದು. ಹತ್ತಾರು ವರ್ಷ ಜನರ ನಡುವೆ ದುಡಿದವರು ಸಮಸ್ಯೆಯನ್ನು ಕೇಳಿದ ಕೂಡಲೇ ಪರಿಹಾರ ಹೇಳಿಬಿಡುತ್ತಾರೆ. “ಅಜ್ಜಿ ಊಟ ಬಿಟ್ಟಿದ್ದರು, ತಿಳಿಹೇಳಿದೆ, ಊಟ ಮಾಡಿದರು” ಎಂದು ವರದಿಯಲ್ಲಿ ಬರೆದರೆ ಮೇಲ್ವಿಚಾರಕರು ಅದನ್ನು ತಿರುಗಿಸಿ ಕೊಡುತ್ತಾರೆ. ಅವರಿಗೆ ಬೇಕಿರುವುದು ಬೇರೆ: ಅಜ್ಜಿ ಏನೆಂದರು, ನೀವು ಏನೆಂದಿರಿ, ಮೌನ ಎಲ್ಲಿ ಬಂತು, ನಿಮಗೆ ಆಗ ಏನನಿಸಿತು, ಊಟ ಬಿಟ್ಟದ್ದಕ್ಕೆ ಹಲ್ಲುನೋವು ಕಾರಣವೋ ಮಗ ಫೋನ್ ಮಾಡದಿರುವುದು ಕಾರಣವೋ ಎಂದು ಹೇಗೆ ತಿಳಿದುಕೊಂಡಿರಿ. ಭೇಟಿ ಮುಗಿದ ದಿನವೇ, ಬಸ್ಸಿನಲ್ಲಾದರೂ ಸರಿ, ಆಡಿದ ಮಾತುಗಳನ್ನು ಆಡಿದಂತೆಯೇ ಟಿಪ್ಪಣಿ ಮಾಡಿಕೊಳ್ಳಬೇಕು. ಇಂಗ್ಲಿಷ್‌ನಲ್ಲಿ ವರದಿ ಕೊಡಬೇಕಾದವರು ಮೊದಲು ಕನ್ನಡದಲ್ಲಿ ಬರೆದುಕೊಳ್ಳಲಿ. ಕಷ್ಟದಲ್ಲಿರುವವರ ಮಾತು ಅನುವಾದದಲ್ಲಿ ಸಪ್ಪೆಯಾದರೂ ಮೂಲ ಪುಸ್ತಕದಲ್ಲಿ ಉಳಿದಿರುತ್ತದೆ.

ಹೆಸರು, ಊರು, ಗುರುತು ಸಿಗುವ ವಿವರಗಳನ್ನು ಬದಲಿಸಿಯೇ ಬರೆಯಬೇಕು. ಮಕ್ಕಳ ವಿಷಯದಲ್ಲಿ ಇದು ಬರೀ ಸೌಜನ್ಯದ ಮಾತಲ್ಲ: 2015ರ ಬಾಲನ್ಯಾಯ ಕಾಯ್ದೆಯ 74ನೆಯ ಕಲಂ ಮಗುವಿನ ಗುರುತು ಬಹಿರಂಗಪಡಿಸುವುದನ್ನು ನಿಷೇಧಿಸುತ್ತದೆ. ಬಾಲಮಂದಿರದ ಮಕ್ಕಳೊಂದಿಗೆ ತೆಗೆದ ಫೋಟೊವನ್ನು ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕುವ ಚಪಲವನ್ನು ಬಿಡಲೇಬೇಕು. ಭೇಟಿಯ ವೇಳೆ ಮಗುವೊಂದರ ಮೇಲೆ ಲೈಂಗಿಕ ದೌರ್ಜನ್ಯ ನಡೆದ ಸಂಗತಿ ತಿಳಿದುಬಂದರೆ ವರದಿಯ ಪುಟಗಳಲ್ಲಿ ಬರೆದಿಟ್ಟು ಕೂರುವಂತಿಲ್ಲ. ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಮಕ್ಕಳ ಸಹಾಯವಾಣಿ 1098, ಹಿರಿಯರ ಸಹಾಯವಾಣಿ 14567, ಮಾನಸಿಕ ಆರೋಗ್ಯದ ಟೆಲಿ ಮಾನಸ್ 14416 ಈ ಸಂಖ್ಯೆಗಳು ಕ್ಷೇತ್ರಕಾರ್ಯದ ಪುಸ್ತಕದ ಮೊದಲ ಪುಟದಲ್ಲಿರಲಿ.

ಆರನೆಯ ಹೆಜ್ಜೆ: ಅಸೈನ್‌ಮೆಂಟ್ ಮತ್ತು ಪರೀಕ್ಷೆ

ಇದು ತುಲನೆಯಲ್ಲಿ ಸುಲಭದ ಭಾಗ. ಇಗ್ನೋದ ಹೆಚ್ಚಿನ ಪತ್ರಿಕೆಗಳಲ್ಲಿ ಅಸೈನ್‌ಮೆಂಟ್‌ಗೆ 30, ಪರೀಕ್ಷೆಗೆ 70 ಪ್ರತಿಶತ ತೂಕ. ಅಸೈನ್‌ಮೆಂಟ್ ಕೈಬರಹದಲ್ಲೇ ಇರಬೇಕು. ಮಾರುಕಟ್ಟೆಯಲ್ಲಿ ಸಿಗುವ ಸಿದ್ಧ ಉತ್ತರಗಳಿಗಿಂತ ಊರಿನ ಉದಾಹರಣೆ ಕೊಟ್ಟ ಉತ್ತರ ಬೇರೆಯಾಗಿ ಕಾಣುತ್ತದೆ. ಸಮುದಾಯ ಸಂಘಟನೆಯ ಪ್ರಶ್ನೆಗೆ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ ಹುಟ್ಟಿದ ಕೃಷಿ ಪತ್ತಿನ ಸಹಕಾರ ಸಂಘಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ. ಅಂಗವಿಕಲರ ಹಕ್ಕುಗಳ ಪ್ರಶ್ನೆ ಬಂದರೆ 2016ರ ಕಾಯ್ದೆ 21 ಬಗೆಯ ಅಂಗವೈಕಲ್ಯವನ್ನು ಗುರುತಿಸಿದೆ ಎಂಬುದರಿಂದ ಶುರುಮಾಡಿ, ನಿಮ್ಮ ಊರಿನಲ್ಲಿ ಅವುಗಳಲ್ಲಿ ಯಾವುದಕ್ಕೆ ಪ್ರಮಾಣಪತ್ರ ಸಿಗುವುದು ಕಷ್ಟವಾಗಿದೆ ಎಂದು ಬರೆಯಬಹುದು. ಪ್ರತಿಯೊಂದು ಅಸೈನ್‌ಮೆಂಟ್‌ನ ನಕಲು ಮತ್ತು ಸಲ್ಲಿಸಿದ ರಸೀದಿಯನ್ನು ಪದವಿ ಕೈಗೆ ಬರುವವರೆಗೆ ಎಸೆಯಬೇಡಿ.

ಕ್ಷೇತ್ರಕಾರ್ಯದ ಹಾಜರಾತಿಗೆ ಸಂಸ್ಥೆಯ ಮುಖ್ಯಸ್ಥರ ಸಹಿ ಮತ್ತು ಮೊಹರನ್ನು ತಿಂಗಳಿಗೊಮ್ಮೆ ಹಾಕಿಸಿಕೊಳ್ಳುತ್ತ ಹೋಗಬೇಕು. ವರ್ಷದ ಕೊನೆಗೆ ಒಟ್ಟಿಗೆ ಹಾಕಿಸಿಕೊಂಡರಾಯಿತು ಎಂದುಕೊಂಡರೆ, ಅಷ್ಟರಲ್ಲಿ ಅಧೀಕ್ಷಕರಿಗೆ ವರ್ಗವಾಗಿರುತ್ತದೆ. ಹೊಸದಾಗಿ ಬಂದವರು ತಾವು ಕಾಣದ ಹಾಜರಾತಿಗೆ ಸಹಿ ಹಾಕಲು ಒಪ್ಪುವುದಿಲ್ಲ, ಅವರು ಒಪ್ಪದಿರುವುದು ನ್ಯಾಯವೂ ಹೌದು.