ಮಳಿಗಾಲದಾಗ ಭಾರ ಎತ್ತಿ ಗೋವಾದಾಗ ಓಡಿದ್ದು: ನನ್ನ ಅನುಭವ

"ವೇಟ್ ಎತ್ತಿದ್ರ ಕಾಲು ಭಾರ ಆಗ್ತಾವ, ಚೋರ್ಲಾ ಘಾಟ್‌ನಾಗ ಹಿಂದ ಬೀಳ್ತಿ" ಅಂತ ನಮ್ಮ ಸೈಕಲ್ ರೈಡ್ ಗುಂಪಿನ ಹಿರ್ಯಾರು ಹೇಳ್ಕೋತನ ಬಂದ್ರು. ಈ ಸಲ ಗೋವಾ 70.3 (ಈಜು, ಸೈಕಲ್, 21 ಕಿ.ಮೀ. ಓಟ ಒಂದರ ಹಿಂದೊಂದು ಮಾಡೋ ಹಾಫ್ ಐರನ್‌ಮ್ಯಾನ್ ರೇಸ್) ಮುಗಿಸಿ ಬೆಳಗಾವಿಗೆ ಬಂದ ಮ್ಯಾಲ ಅವ್ರ ಫೋನ್ ಮಾಡಿ ಏನ್ ಮಾಡ್ದಿ ಅಂತ ಕೇಳಾಕತ್ತಾರ, ಅದಕ್ಕ ಬರದೀನಿ.

1.9 ಕಿ.ಮೀ. ಈಜು, 90 ಸೈಕಲ್ ತನಕ ನಂದು ಬರೋಬ್ಬರಿ. ಓಟದಾಗ ಹನ್ನೆರಡು-ಹದಿಮೂರು ಕಿಲೋಮೀಟರ್ ಆತಂದ್ರ ಸೊಂಟ ಕುಸೀತಿತ್ತು, ಮೀನಖಂಡ ಹಿಡ್ಕೋತಿತ್ತು. ಉಪ್ಪು, ಓಡೋವಾಗ ತಿನ್ನೋ ಜೆಲ್, ಬೂಟು ಎಲ್ಲಾ ಬದಲಿಸಿ ನೋಡೀನಿ, ಅದೇನೂ ಹೋಗ್ಲಿಲ್ಲ.

ಮೊದಲ ಒಂದು ಸರ್ಕಿಟ್ ಕ್ಲಾಸ್, ತಿಂಗಳಿಗೆ ಸಾವಿರದೈನೂರು, ಸಣ್ಣ ಡಂಬೆಲ್ ಹಿಡ್ದು 20-25 ರೆಪ್ (ಒಂದ ಸಮ ಎಷ್ಟು ಸಲ ಎತ್ತಿಳಿಸೂದು ಅನ್ನೂ ಲೆಕ್ಕ). ಬೆವರು ಬಂತು, ಶನಿವಾರದ ಲಾಂಗ್ ರೈಡ್‌ಗೆ ಕಾಲು ನೋವು ಬಂತು, ಓಟ ಮಾತ್ರ ಇದ್ದಂಗ ಇತ್ತು. ಆಮ್ಯಾಲ ಆನ್‌ಲೈನ್ ಪ್ಲಾನ್, ಹನ್ನೆರಡು ಸಾವಿರ ಹೋತು, ಬರೇ ಮಷಿನ್ ವರ್ಕು, ಮೊಣಕಾಲು ನೋಯಾಕ ಹತ್ತಿದ್ದಷ್ಟ ಲಾಭ.

ಕಡೀಕ ಮನ್ಯಾಗ ಮಾಡೂದಂತ ಉದ್ಯಮಬಾಗದ ಒಂದು ಫೌಂಡ್ರ್ಯಾಗ ಪ್ಲೇಟ್ ಎರಕ ಹೊಯ್ಸಿದೆ, ಕೆಜಿ ಲೆಕ್ಕ, ಅಂಗಡಿ ರೇಟಿನ ಅರ್ಧಕ್ಕ ಬಂದ್ವು. ಅಂಚು ಖರಬರಾ ಇದ್ವು, ಗ್ರೈಂಡರ್ ಹಿಡಿಸಿದೆ. ರಾಡ್ ಲೇಥಿನಾಗ ಮಾಡಿಸಿದ್ದು 80 ಕೆಜಿ ಹಾಕೂದ್ರಾಗ ಬಾಗಿ ಬಿಲ್ಲಾತು, ವಾಪಸ್ ನೆಟ್ಟಗ ಆಗ್ಲಿಲ್ಲ. ಹೊಸ ಬಾರ್‌ಬೆಲ್‌ಗೆ ಪ್ಲೇಟಿನಷ್ಟ ರೊಕ್ಕ ಹೋತು. ರಾಡಿನಾಗ ರೊಕ್ಕ ಉಳಸಾಕ ಹೋಗಬ್ಯಾಡ್ರಿ.

ಜೂನ್‌ದಿಂದ ಜಾಂಬೋಟಿ ಕಡೆ ಮಳಿ ಹೆಂಗಂತ ಗೊತ್ತೈತಲ್ಲ, ಕಣಕುಂಬಿ ತನಕ ರೈಡ್ ಕನಸ. ಆ ನಾಕು ತಿಂಗಳು ವಾರಕ್ಕ ಎರಡು ಸಲ, ಮುಕ್ಕಾಲು ತಾಸು: ಸ್ಕ್ವಾಟ್, ರೊಮೇನಿಯನ್ ಡೆಡ್‌ಲಿಫ್ಟ್ (ರಾಡ್ ಹಿಡ್ದು ಸೊಂಟದಿಂದ ಬಾಗಿ ಏಳೂದು), ಪುಲ್ಅಪ್, ಕುಂತು ಹಿಮ್ಮಡ ಎತ್ತೋ ಕಾಫ್ ರೇಸ್. ನಾಕು ಸೆಟ್, ನಾಕೈದು ರೆಪ್, ಇನ್ನೆರಡು ಬರ್ತಾವ ಅನ್ನೂದ್ರಾಗ ನಿಲ್ಲಸೂದು. ನಡುವ ಪೂರಾ ಮೂರು ನಿಮಿಷ ಕುಂಡ್ರಬೇಕು, ನಮ್ಮಂಥಾ ಓಡೋ ಮಂದಿಗೆ ಇದ ಭಾಳ ಕಷ್ಟ. ಕಾಫ್ ರೇಸ್‌ಗೆ ಪಾದದ ಮುಂದಿನ ಭಾಗ ಮೆಟ್ಟಿಲ ಮ್ಯಾಲ, ತೊಡಿ ಮ್ಯಾಲ ಮರಳು ತುಂಬಿದ ಗೊಬ್ಬರ ಚೀಲ, ಇಳಿಸೂದು ಮೂರು ಸೆಕೆಂಡ್. 20 ಕೆಜಿಯಿಂದ 60ರ ಸುಮಾರಿಗೆ ಬಂದೆ, ಅವತ್ತಿಂದ ಮೀನಖಂಡ ಹಿಡ್ದಿಲ್ಲ. ಸ್ಕ್ವಾಟ್ 50ರಿಂದ 95 ಆತು, ಮೈತೂಕ ಒಂದು ಕೆಜಿನೂ ಏರ್ಲಿಲ್ಲ.

ಖರೆ ಫರಕ್ ಆಗಿದ್ದು ದಿನಾ ಜೋಡಿಸಿದ್ರಾಗ. ಮುಂಜಾನೆ ಟ್ರೇನರ್ (ಸೈಕಲ್ ಸಿಗಿಸಿ ನಿಂತಲ್ಲೇ ತುಳಿಯೋ ಸ್ಟ್ಯಾಂಡ್) ಮ್ಯಾಲ ಇಂಟರ್ವಲ್ (ಸ್ವಲ್ಪ ಜೋರು, ಸ್ವಲ್ಪ ಸಾವಕಾಶ ತುಳಿಯೂದು) ಮಾಡಿದ್ ದಿನಾನ ಸಂಜಿಗೆ ವೇಟ್, ಮರುದಿನ ಸಾವಕಾಶ ಈಜು ಅಷ್ಟ. ಸೆಪ್ಟೆಂಬರ್ ಮುಗಿಯಾಕ ಬಂದಾಗ ಸೆಟ್ ಕಡಿಮಿ ಮಾಡಿದೆ, ಭಾರ ಕಡಿಮಿ ಮಾಡ್ಲಿಲ್ಲ. ರೇಸಿನ ಹಿಂದಿನ ಎರಡು ದಿನ ರಾಡ್ ಹಿಡ್ದು ಒಂದು ಕೆಲಸಾ ಮಾಡ್ತೀನಿ, ಅದು ಸದ್ಯಕ್ಕ ನನ್ ಕಡೆನ ಇರ್ಲಿ.

ನಡುವ ತಾಲೀಮಿನ ಪೈಲ್ವಾನರ ಕಡೆ ಕರ್ಲಾ (ಪೈಲ್ವಾನರು ಭುಜದ ಸುತ್ತ ತಿರುಗ್ಸೋ ಕಟ್ಟಿಗಿ ಗದಾ) ತಿರುಗ್ಸೂದು ಕಲ್ತೆ. ಈಜಿನ ಟೈಮ್ ಬದಲಾಗ್ಲಿಲ್ಲ, ಭುಜದ ಕಟಕಟ ಮಾತ್ರ ನಿಂತು. ಮುನ್ನೂರು ಬೈಠಕ್ ಹೊಡ್ದೂ ನೋಡೀನಿ, ನಮಗ ಉಪಯೋಗಿಲ್ಲ, ದಮ್ಮು ಮೊದ್ಲ ಐತಿ, ಬೇಕಾದ್ದು ತಾಕತ್ತು.

ಮೊದಲ 2 ತಾಸು 25 ನಿಮಿಷದ ಸುಮಾರು ಇದ್ದ ಓಟ ಈ ಸಲ 2 ತಾಸು 5ರ ಹತ್ರ. ಪಣಜಿಯ ಮಿರಾಮಾರ್ ಬಿಸಿಲಾಗ ಕಡೀ ಐದು ಕಿಲೋಮೀಟರ್ ಮಂದೀನ ದಾಟ್ಕೋತನ ಬಂದೆ, ಅವ್ರಾಗ ನಮ್ಮ ಗುಂಪಿನವ್ರೂ ಇದ್ರು.

ಮುಂದಿನ ಮಳಿಗಾಲಕ್ಕ ಪ್ಲೇಟ್ ಬೇಕಾದವ್ರು ಮೇ ಒಳಗ ಹೇಳ್ರಿ, ನೂರು ಕೆಜಿ ಮ್ಯಾಲ ಆರ್ಡರ್ ಇದ್ರನ ಫೌಂಡ್ರಿಯವ್ರು ಎರಕ ಹೊಯ್ತಾರ.