ನವೋದ್ಯಮಿಗಳ ಬಳಗದಲ್ಲಿ ಕೇಳುವುದು ಹೇಗೆ, ಹೇಳುವುದು ಎಷ್ಟು?

ಮಂಗಳೂರು, ಉಡುಪಿಯಲ್ಲಿ ನವೋದ್ಯಮ ಕಟ್ಟುವವರಿಗೆ ಬಾಡಿಗೆಗೆ ಕಚೇರಿ ಸಿಗುತ್ತದೆ, ಕೆಲಸಕ್ಕೆ ಎಂಜಿನಿಯರುಗಳೂ ಸಿಗುತ್ತಾರೆ. ಸುಲಭವಾಗಿ ಸಿಗದಿರುವವರು ಅದೇ ಪಾಡು ಪಟ್ಟ ಇನ್ನೊಬ್ಬರು. ಈ ಕೊರತೆಯನ್ನು ತುಂಬಲು ಸ್ಥಾಪಕರ ಆನ್‌ಲೈನ್ ಬಳಗಗಳಿವೆ. ಆದರೆ ಸೇರಿದವರಲ್ಲಿ ಕೆಲವರು ತುಟಿ ಬಿಚ್ಚುವುದೇ ಇಲ್ಲ. ಇನ್ನು ಕೆಲವರು ಬಂದ ದಿನವೇ ತಮ್ಮ ಕಂಪನಿಯ ಜಾಹೀರಾತು ಹಾಕಿ ಮಾಯವಾಗುತ್ತಾರೆ. ಇಬ್ಬರಿಗೂ ಬಳಗದಿಂದ ಕಾಸಿನ ಪ್ರಯೋಜನವಿಲ್ಲ.

ಎಲ್ಲಿ ಸೇರಬೇಕು?

ಒಂದು ಊರಿನದು, ಒಂದು ನಿಮ್ಮ ಕ್ಷೇತ್ರದ್ದು, ಇಷ್ಟು ಸಾಕು. ಊರಿನ ಬಳಗದ ಸುಳಿವಿಗೆ ಸುರತ್ಕಲ್‌ನ ಎಂಜಿನಿಯರಿಂಗ್ ಕಾಲೇಜು ಎನ್‌ಐಟಿಕೆಯಲ್ಲಿರುವ ಸ್ಟೆಪ್, ಮಣಿಪಾಲದ ಎಂಯುಟಿಬಿಐ, ನಿಟ್ಟೆಯ ಅಟಲ್ ಇನ್‌ಕ್ಯುಬೇಷನ್ ಕೇಂದ್ರ, ನವೋದ್ಯಮಗಳಿಗೆ ಆರಂಭದಲ್ಲಿ ನೆರವಾಗುವ ಈ ಕೇಂದ್ರಗಳಲ್ಲಿ ಹತ್ತಿರದ್ದನ್ನು ವಿಚಾರಿಸಿ. ರಾಜ್ಯ ಸರ್ಕಾರದ ಬೆಂಬಲವಿರುವ ಕರ್ನಾಟಕ ಡಿಜಿಟಲ್ ಎಕಾನಮಿ ಮಿಷನ್ 'ಬಿಯಾಂಡ್ ಬೆಂಗಳೂರು' ಹೆಸರಿನಲ್ಲಿ ಮಂಗಳೂರನ್ನೂ ತಂತ್ರಜ್ಞಾನ ಉದ್ಯಮಗಳ ಒಂದು ಕ್ಲಸ್ಟರ್ ಆಗಿ ಗುರುತಿಸಿದೆ. ಅದರ ಕಾರ್ಯಕ್ರಮಗಳಿಗೆ ಹೋದರೂ ಪರಿಚಯಗಳಾಗುತ್ತವೆ. ಸೇರಿದ ಮೇಲೆ ಒಂದೆರಡು ವಾರ ಸುಮ್ಮನೆ ಓದಿ. ಯಾರು ಅನುಭವದಿಂದ ಮಾತನಾಡುತ್ತಾರೆ, ಯಾರು ಕೇಳಿದ್ದನ್ನು ಒಪ್ಪಿಸುತ್ತಾರೆ ಎಂಬುದು ಅಷ್ಟರಲ್ಲಿ ತಿಳಿದುಬಿಡುತ್ತದೆ.

ಪರಿಚಯವನ್ನು ಮೂರು ವಾಕ್ಯಗಳಲ್ಲಿ ಮುಗಿಸಿ: ಏನು ಮಾಡುತ್ತೀರಿ, ಯಾರಿಗೆ ಮಾರುತ್ತೀರಿ, ಈಗ ಎಲ್ಲಿ ಸಿಕ್ಕಿಹಾಕಿಕೊಂಡಿದ್ದೀರಿ. 'ಕ್ರಾಂತಿಕಾರಿ' ಎಂಬ ವಿಶೇಷಣವನ್ನು ಗ್ರಾಹಕರ ಬಾಯಿಗೆ ಬಿಟ್ಟುಬಿಡಿ.

ಪ್ರಶ್ನೆ ಕಟ್ಟುವ ಬಗೆ

ಎಲ್ಲವೂ ನಿಂತಿರುವುದು ಇಲ್ಲಿ. 'ನನ್ನ ಐಡಿಯಾ ಹೇಗಿದೆ?' ಎಂದು ಕೇಳಿದರೆ 'ಚೆನ್ನಾಗಿದೆ' ಎಂಬ ಉತ್ತರ ಬರುತ್ತದೆ. ಕರಾವಳಿಯ ಜನ ಮುಖ ಮುರಿಯುವಂತೆ ಮಾತನಾಡಲು ಹಿಂಜರಿಯುತ್ತಾರೆ; ಆ ದಾಕ್ಷಿಣ್ಯವನ್ನು ಮೆಚ್ಚುಗೆ ಎಂದು ಭಾವಿಸಿ ಸಾಲ ಮಾಡಿದರೆ ಕಷ್ಟ.

ಬದಲಿಗೆ ಹೀಗೆ ಕೇಳಬಹುದು: 'ಉಡುಪಿಯ ಸಣ್ಣ ಹೋಟೆಲುಗಳಿಗೆ ಬಿಲ್ಲಿಂಗ್ ತಂತ್ರಾಂಶ ಮಾಡಿದ್ದೇವೆ. ಹನ್ನೆರಡು ಹೋಟೆಲಿನವರು ಉಚಿತವಾಗಿ ಬಳಸಿದರು. ತಿಂಗಳಿಗೆ 600 ರೂಪಾಯಿ ಎಂದಾಗ ಇಬ್ಬರು ಮಾತ್ರ ಉಳಿದರು. ಬಿಟ್ಟವರಲ್ಲಿ ಹೆಚ್ಚಿನವರು ಮಧ್ಯಾಹ್ನದ ಊಟದ ಗಡಿಬಿಡಿಯಲ್ಲಿ ಗಲ್ಲಾದಲ್ಲಿ ಕುಳಿತವರಿಗೆ ಮೊಬೈಲ್ ಒತ್ತುತ್ತಾ ಕೂರಲು ಆಗುವುದಿಲ್ಲ ಎಂದರು. ನಾವು ಬೆಲೆ ಇಳಿಸಬೇಕೇ, ಬಿಲ್ ಮಾಡುವ ವಿಧಾನ ಬದಲಿಸಬೇಕೇ? ಹೋಟೆಲುಗಳಿಗೆ ಮಾರಿದವರು ಯಾರಾದರೂ ಇದ್ದೀರಾ?'

ಇದರಲ್ಲಿ ಸಂದರ್ಭವಿದೆ, ಅಂಕಿ ಇದೆ, ಗ್ರಾಹಕ ಆಡಿದ ಮಾತಿದೆ, ಯಾರು ಉತ್ತರಿಸಬೇಕು ಎಂಬ ಸೂಚನೆಯೂ ಇದೆ. ಓದಿದವರಿಗೆ ತಕರಾರು ಬೆಲೆಯದ್ದಲ್ಲ ಎಂದು ಹೊಳೆಯುತ್ತದೆ. ಎಷ್ಟೋ ಸಲ ಪ್ರಶ್ನೆಯನ್ನು ಹೀಗೆ ಬರೆದು ಮುಗಿಸುವಷ್ಟರಲ್ಲಿ ಬರೆದವರಿಗೇ ಉತ್ತರ ಕಾಣಿಸಿರುತ್ತದೆ. ಹಾಗಾದರೂ ಕಳುಹಿಸಿ.

ಬಾಯಿ ಬಿಡಬಾರದ ಸಂಗತಿಗಳು

ಐಡಿಯಾ ಕದಿಯುತ್ತಾರೆಂಬ ಭಯ ಬಹಳ ಮಂದಿಗಿದೆ. ಬರೀ ಐಡಿಯಾವನ್ನು ಕದ್ದು ಉದ್ಧಾರವಾದವರು ಅಪರೂಪ. ನಿಜವಾದ ಅಪಾಯ ಬೇರೆ ಕಡೆ ಇದೆ.

ನಿಮ್ಮದು ಪೇಟೆಂಟಿಗೆ ಅರ್ಹವಾದ ಯಂತ್ರವೋ ವಿಧಾನವೋ ಆಗಿದ್ದರೆ, ಅರ್ಜಿ ಹಾಕುವ ಮೊದಲು ಅದರ ಒಳಗುಟ್ಟನ್ನು ಹತ್ತಾರು ಜನರ ಮುಂದೆ ಬಿಚ್ಚಿಡಬೇಡಿ. ಒಮ್ಮೆ ಬಹಿರಂಗವಾದದ್ದು ಹೊಸದೆಂಬ ಅರ್ಹತೆಯನ್ನೇ ಕಳೆದುಕೊಳ್ಳಬಹುದು. ಮೊದಲು ತಾತ್ಕಾಲಿಕ ವಿವರಣೆಯೊಂದಿಗೆ (ಪ್ರೊವಿಷನಲ್ ಸ್ಪೆಸಿಫಿಕೇಷನ್) ಅರ್ಜಿ ಸಲ್ಲಿಸಿ. ಪೂರ್ಣ ವಿವರಣೆ ಕೊಡಲು 12 ತಿಂಗಳ ಅವಕಾಶವಿರುತ್ತದೆ. ಕೇಂದ್ರ ಸರ್ಕಾರದ ಸ್ಟಾರ್ಟಪ್ ಇಂಡಿಯಾ ಯೋಜನೆಯಡಿ ಮಾನ್ಯತೆ ಪಡೆದ ನವೋದ್ಯಮಗಳಿಗೆ ಪೇಟೆಂಟ್ ಶುಲ್ಕದಲ್ಲಿ ಶೇ 80ರಷ್ಟು ರಿಯಾಯಿತಿಯೂ ಇದೆ.

ಹೆಚ್ಚಿನವರಿಗೆ ಗೊತ್ತಿರದ ಇನ್ನೊಂದು ವಿಷಯ: 'ನಮ್ಮ ಪ್ರೈವೇಟ್ ಲಿಮಿಟೆಡ್ ಕಂಪನಿಯ ಷೇರು ಕೊಡುತ್ತೇವೆ, ಹಣ ಹೂಡಿ' ಎಂದು ಬಳಗದಲ್ಲಿ ಸಾರುವಂತಿಲ್ಲ. 2013ರ ಕಂಪನಿ ಕಾಯ್ದೆಯ 42ನೇ ಸೆಕ್ಷನ್ ಪ್ರಕಾರ ಹೀಗೆ ಆಯ್ದ ಕೆಲವರಿಗೆ ಷೇರು ಕೊಡುವ ಖಾಸಗಿ ಹಂಚಿಕೆಗೆ (ಪ್ರೈವೇಟ್ ಪ್ಲೇಸ್‌ಮೆಂಟ್) ಸಾರ್ವಜನಿಕ ಜಾಹೀರಾತು ನಿಷಿದ್ಧ. ಮೊದಲೇ ಗುರುತಿಸಿದ ವ್ಯಕ್ತಿಗಳಿಗೆ ಮಾತ್ರ ಷೇರು ನೀಡಬಹುದು. ಹೂಡಿಕೆದಾರರ ಪರಿಚಯ ಮಾಡಿಸಿಕೊಡಿ ಎಂದು ಒಬ್ಬೊಬ್ಬರನ್ನೇ ಕೇಳಿ, ಮುಂದಿನದನ್ನು ಕಂಪನಿ ಕಾರ್ಯದರ್ಶಿಯ ಸಲಹೆಯಂತೆ ಮಾಡಿ. ಗ್ರಾಹಕರ ಹೆಸರು, ಫೋನ್ ನಂಬರುಗಳಿರುವ ಸ್ಕ್ರೀನ್‌ಶಾಟ್ ಹಾಕಬಾರದು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಬಂದ ಸಲಹೆಯನ್ನು ಸೋಸುವುದು

ಸಲಹೆ ಕೊಟ್ಟವರನ್ನು ಒಂದು ಮಾತು ಕೇಳಿ: 'ನೀವು ಮಾರಿದ್ದು ಯಾರಿಗೆ?' ಹೂಡಿಕೆದಾರರ ದುಡ್ಡಿನಲ್ಲಿ ಬೆಳೆಯುತ್ತಿರುವವರ ಲೆಕ್ಕ ಬೇರೆ, ಗ್ರಾಹಕ ಕೊಟ್ಟ ದುಡ್ಡಿನಲ್ಲೇ ಸಂಬಳ ಕೊಡುವವರ ಲೆಕ್ಕ ಬೇರೆ. 'ಮೊದಲು ಬೆಂಗಳೂರಿಗೆ ಬನ್ನಿ' ಎಂಬ ಸಲಹೆಯಂತೂ ಬಂದೇ ಬರುತ್ತದೆ. ಆದರೆ 1996ರಲ್ಲಿ ಉಡುಪಿಯಲ್ಲಿ ಆರಂಭವಾದ ಸಾಫ್ಟ್‌ವೇರ್ ಕಂಪನಿ ರೋಬೋಸಾಫ್ಟ್, ಅಲ್ಲಿಂದಲೇ ಹೊರದೇಶಗಳ ಕೆಲಸ ಹಿಡಿದು ಬೆಳೆಯಿತು. 2021ರಲ್ಲಿ ಅದನ್ನು ಕೊಂಡದ್ದು ಜಪಾನಿನ ಟೆಕ್ನೋಪ್ರೊ ಕಂಪನಿ. ಎಲ್ಲರಿಗೂ ಅದೇ ದಾರಿ ಆಗಿಬರುತ್ತದೆ ಎಂದೇನಿಲ್ಲ, ಆದರೆ ಊರು ಬಿಡುವ ಮೊದಲು ನಿಮ್ಮ ಗ್ರಾಹಕ ಎಲ್ಲಿದ್ದಾನೆ ಎಂದು ನೋಡಿ.

ಸಲಹೆಯನ್ನು ಪ್ರಯೋಗಿಸಿದ ಮೇಲೆ ಏನಾಯಿತು ಎಂದು ಮರಳಿ ಬಂದು ತಿಳಿಸಿ. ಸೋತಿದ್ದರೂ ತಿಳಿಸಿ. ಮುಂದಿನ ಸಲ ನೀವು ಕೇಳಿದಾಗ ಉತ್ತರಿಸುವವರು ಹೆಚ್ಚುವುದು ಇದರಿಂದಲೇ. ನಿಮಗೆ ಗೊತ್ತಿರುವುದನ್ನು ಇತರರಿಗೂ ಕೊಡುತ್ತಿರಿ: ಜಿಎಸ್‌ಟಿ ನೋಂದಣಿಯಲ್ಲಿ ಯಾವ ಕಾಗದ ವಾಪಸ್ ಬಂತು, ಪಾರ್ಸೆಲ್ ಕಾಸರಗೋಡಿಗೆ ತಲಪಲು ಎಷ್ಟು ದಿನ ಹಿಡಿಯಿತು, ಇಂಥವು. ಮಳೆಗಾಲದಲ್ಲಿ ಘಟ್ಟದ ರಸ್ತೆ ಮುಚ್ಚಿದಾಗ ಸರಕು ಯಾವ ದಾರಿಯಲ್ಲಿ ಕಳುಹಿಸಿದಿರಿ ಎಂಬ ಎರಡು ಸಾಲು, ಯಶಸ್ಸಿನ ಭಾಷಣಕ್ಕಿಂತ ಬೆಲೆಯುಳ್ಳದ್ದು.

ಸಹಸ್ಥಾಪಕರನ್ನು ಹುಡುಕುವುದಾದರೆ

ಬಳಗದಲ್ಲಿ ಪರಿಚಯವಾದವರನ್ನು ಪಾಲುದಾರರನ್ನಾಗಿ ಮಾಡಿಕೊಳ್ಳುವ ಮೊದಲು ಒಂದು ಸಣ್ಣ ಕೆಲಸವನ್ನು ಜೊತೆಯಾಗಿ ಮುಗಿಸಿ ನೋಡಿ. ಷೇರುಗಳ ಹಕ್ಕು ನಾಲ್ಕು ವರ್ಷಗಳಲ್ಲಿ ಹಂತಹಂತವಾಗಿ ದಕ್ಕುವಂತೆ, ಮೊದಲ ವರ್ಷ ತುಂಬುವ ಮುನ್ನ ಬಿಟ್ಟುಹೋದವರಿಗೆ ಏನೂ ಸಿಗದಂತೆ ಬರೆದುಕೊಳ್ಳುವುದು ನವೋದ್ಯಮಗಳಲ್ಲಿ ರೂಢಿ. ಗೆಳೆಯರ ನಡುವೆ ಕಾಗದ ಏಕೆ ಎನ್ನುವವರೊಂದಿಗೆ ಮೊದಲು ಆ ಮಾತನ್ನೇ ಇತ್ಯರ್ಥ ಮಾಡಿಕೊಳ್ಳಿ.

'ಸ್ಟಾರ್ಟಪ್ ಇಂಡಿಯಾ ಮಾನ್ಯತೆ ಮಾಡಿಸಿಕೊಡುತ್ತೇನೆ, ಇಷ್ಟು ಕೊಡಿ' ಎಂದು ಖಾಸಗಿಯಾಗಿ ಸಂದೇಶ ಕಳುಹಿಸುವವರೂ ಇರುತ್ತಾರೆ. ಆ ಮಾನ್ಯತೆಗೆ ಸರ್ಕಾರ ಶುಲ್ಕ ಪಡೆಯುವುದಿಲ್ಲ. ಕಂಪನಿಯ ನೋಂದಣಿ ಪ್ರಮಾಣಪತ್ರ ಮತ್ತು ನಿಮ್ಮ ಉತ್ಪನ್ನದಲ್ಲಿ ಹೊಸದೇನಿದೆ ಎಂಬ ವಿವರಣೆ ಸಿದ್ಧವಾಗಿದ್ದರೆ ಸರ್ಕಾರದ ಪೋರ್ಟಲ್‌ನಲ್ಲಿ ನೀವೇ ಅರ್ಜಿ ತುಂಬಬಹುದು. ತೊಡಕಾದರೆ, ಈಗಾಗಲೇ ಮಾನ್ಯತೆ ಪಡೆದವರೊಬ್ಬರು ಬಳಗದಲ್ಲಿ ಇದ್ದೇ ಇರುತ್ತಾರೆ; ಅವರನ್ನು ಕೇಳಿ.